ಮಾಸ್ಕ್ ಕೀಳುವ ಕೈಯನ್ನು ಕಟ್ಟುವ ಮೊದಲು

"ನಿಮ್ಮ ತಂದೆ ಮಾಸ್ಕ್ ಇಟ್ಟುಕೊಳ್ತಿಲ್ಲ, ಪದೇ ಪದೇ ಕಿತ್ತು ಹಾಕ್ತಿದ್ದಾರೆ. ಹೀಗೇ ಆದ್ರೆ ಗಂಟಲಿಗೆ ಟ್ಯೂಬ್ ಹಾಕಬೇಕಾಗುತ್ತೆ. ನೀವಾದ್ರೂ ಒಂದು ಮಾತು ಹೇಳಿ."

ಐಸಿಯು ಬಾಗಿಲಾಚೆಯ ಕುರ್ಚಿಗಳಲ್ಲಿ ರಾತ್ರಿ ಕಳೆದ ಎಷ್ಟೋ ಮನೆಯವರಿಗೆ ಈ ಮಾತು ಗೊತ್ತು. ಮಗನೋ ಮಗಳೋ ಚಪ್ಪಲಿ ಕಳಚಿಟ್ಟು ಒಳಗೆ ಓಡುತ್ತಾರೆ. "ಅಪ್ಪಾ, ಸ್ವಲ್ಪ ತಡ್ಕೋ. ನಿನ್ನ ಒಳ್ಳೇದಕ್ಕೇ ಅಲ್ವಾ ಹಾಕಿರೋದು?" ಅಪ್ಪ ತಲೆಯಾಡಿಸುತ್ತಾರೆ. ಮಗ ಹೊರಗೆ ಬಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮಾಸ್ಕ್ ಮತ್ತೆ ಕುತ್ತಿಗೆಗೆ ಇಳಿದಿರುತ್ತದೆ. ಕೇಸ್ ಶೀಟಿನಲ್ಲಿ ‘ರೋಗಿ ಸಹಕರಿಸುತ್ತಿಲ್ಲ’ ಎಂದು ಷರಾ ಬೀಳುತ್ತದೆ. ಮನೆಯವರೂ ಅದನ್ನೇ ನಂಬುತ್ತಾರೆ: ಮೊದಲಿಂದಲೂ ಹಟಮಾರಿ ಮನುಷ್ಯ, ಯಾರ ಮಾತೂ ಕೇಳಿದವರಲ್ಲ.

ಆ ಷರಾ ಪೂರ್ತಿ ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತದ್ದು. ಮಾಸ್ಕ್ ಮೂಲಕ ಉಸಿರಿಗೆ ಆಸರೆ ಕೊಡುವ ಚಿಕಿತ್ಸೆಯನ್ನು ಒಬ್ಬರು ತಾಳಿಕೊಳ್ಳುತ್ತಾರೋ ಇಲ್ಲವೋ ಎಂಬುದರಲ್ಲಿ ಅವರ ಸ್ವಭಾವದ ಪಾಲು ಸಣ್ಣದು. ಮಾಸ್ಕಿನ ಅಳತೆ ಸರಿಯಿತ್ತೇ, ಯಂತ್ರವನ್ನು ಹೇಗೆ ಹೊಂದಿಸಿದ್ದರು, ಮೊದಲ ಒಂದು ಗಂಟೆ ಹಾಸಿಗೆಯ ಪಕ್ಕ ಯಾರಾದರೂ ನಿಂತಿದ್ದರೇ ಎಂಬ ಮೂರು ಪ್ರಶ್ನೆಗಳ ಪಾಲು ಅದಕ್ಕಿಂತ ಬಹಳ ದೊಡ್ಡದು.

ಯಂತ್ರದ ಪರಿಚಯ ಮೊದಲು. ಆಸ್ಪತ್ರೆಗಳಲ್ಲಿ ಇದನ್ನು ಬೈಪ್ಯಾಪ್ ಎನ್ನುತ್ತಾರೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕನ್ನು ಪಟ್ಟಿಗಳಿಂದ ತಲೆಗೆ ಬಿಗಿದು, ರೋಗಿ ಉಸಿರು ಎಳೆದಾಗ ಹೆಚ್ಚಿನ ಒತ್ತಡದಲ್ಲಿ ಗಾಳಿ ನೂಕುವುದು, ಬಿಟ್ಟಾಗ ಒತ್ತಡ ಇಳಿಸುವುದು ಇದರ ಕೆಲಸ. ಎಳೆದಾಗಲೂ ಬಿಟ್ಟಾಗಲೂ ಒಂದೇ ಒತ್ತಡವಿದ್ದರೆ ಅದು ಸಿಪ್ಯಾಪ್. ಬೈಪ್ಯಾಪ್ ಎಂದ ಕೂಡಲೇ "ಅಯ್ಯೋ, ವೆಂಟಿಲೇಟರ್‌ಗೆ ಹಾಕಿಬಿಟ್ಟರು" ಎಂದು ಎದೆ ಒಡೆದುಕೊಳ್ಳುವವರಿದ್ದಾರೆ. ಎರಡೂ ಒಂದೇ ಅಲ್ಲ. ಗಂಟಲಿನ ಮೂಲಕ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿದರೆ ಸಾಮಾನ್ಯವಾಗಿ ಮಂಪರಿನ ಔಷಧಿ ಬೇಕು, ಮಾತು ನಿಲ್ಲುತ್ತದೆ, ಬಾಯಿಂದ ಊಟವಿಲ್ಲ, ದಿನ ಕಳೆದಂತೆ ಶ್ವಾಸಕೋಶಕ್ಕೆ ಸೋಂಕು ತಗಲುವ ಅಪಾಯ ಏರುತ್ತದೆ. ಮಾಸ್ಕಿನಲ್ಲಿ ಇವು ಬಹುಮಟ್ಟಿಗೆ ಇಲ್ಲ. ರೋಗಿ ಎಚ್ಚರವಿರುತ್ತಾರೆ, ಕೆಮ್ಮಬಹುದು, ನಡುವೆ ಬಿಡುವು ಕೊಟ್ಟಾಗ ನಾಲ್ಕು ಗುಟುಕು ನೀರು ಕುಡಿಯಬಹುದು, ಮಗಳ ಹತ್ತಿರ ಎರಡು ಮಾತಾಡಬಹುದು. ಬೇಡವೆನಿಸಿದರೆ ಕಿತ್ತು ಹಾಕಲೂಬಹುದು. ಈ ಚಿಕಿತ್ಸೆಯ ಸೊಗಸೂ ಪೇಚೂ ಇದೊಂದರಲ್ಲೇ ಇದೆ.

ಫಲ ಮಾತ್ರ ಸಣ್ಣದಲ್ಲ. ಸಿಒಪಿಡಿ ಎಂದು ಡಾಕ್ಟರುಗಳು ಕರೆಯುವ, ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ಕಾಯಿಲೆ ನಮ್ಮ ದೇಶದಲ್ಲಿ 2016ರಲ್ಲೇ ಸುಮಾರು ಐದೂವರೆ ಕೋಟಿ ಜನರಿಗಿತ್ತೆಂಬ ಅಂದಾಜಿದೆ. ಬೀಡಿ ಸಿಗರೇಟು ಮಾತ್ರ ಇದಕ್ಕೆ ಕಾರಣವಲ್ಲ. ಬೀಡಿಯನ್ನು ಕೈಯಲ್ಲೂ ಹಿಡಿಯದ ಹೆಂಗಸರಿಗೆ ಸೌದೆ ಒಲೆಯ ಮುಂದೆ ಕಳೆದ ಮೂವತ್ತು ನಲವತ್ತು ವರ್ಷಗಳೇ ಸಾಕು. ಇಂಥವರಿಗೆ ನೆಗಡಿಯೋ ಕಫವೋ ಹೆಚ್ಚಿ ಉಸಿರಾಟ ಕೆಟ್ಟಾಗ ಬೈಪ್ಯಾಪ್ ಜೀವ ಉಳಿಸುತ್ತದೆ. 1995ರಲ್ಲಿ ಫ್ರಾನ್ಸಿನ ಲಾರೆಂ ಬ್ರೊಶಾರ್ ಮತ್ತು ಸಂಗಡಿಗರು 85 ರೋಗಿಗಳ ಅಧ್ಯಯನ ಪ್ರಕಟಿಸಿದರು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 74 ಮಂದಿಗೆ ಟ್ಯೂಬ್ ಬೇಕಾಯಿತು, ಮಾಸ್ಕ್ ಪಡೆದವರಲ್ಲಿ ಶೇ 26 ಮಂದಿಗೆ. ಸಾವು ಶೇ 29ರಿಂದ 9ಕ್ಕೆ ಇಳಿಯಿತು. ಐದು ವರ್ಷದ ನಂತರ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬ್ರಿಟನ್ನಿನ 14 ಆಸ್ಪತ್ರೆಗಳಲ್ಲಿ, ಐಸಿಯು ಹೊರಗಿನ ಸಾಮಾನ್ಯ ವಾರ್ಡುಗಳಲ್ಲಿ, ತರಬೇತಿ ಪಡೆದ ನರ್ಸುಗಳ ಕೈಯಲ್ಲಿ ಇದನ್ನೇ ಮಾಡಿಸಿದಾಗಲೂ ಸಾವು ಶೇ 20ರಿಂದ 10ಕ್ಕೆ ಇಳಿಯಿತು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿಕೊಂಡವರಿಗೂ ಇದರಿಂದ ಒಳ್ಳೆಯ ಆಸರೆ. ಇಷ್ಟು ಲಾಭವಿರುವಾಗ ‘ರೋಗಿ ಸಹಕರಿಸಲಿಲ್ಲ’ ಎಂಬ ಒಂದೇ ಕಾರಣಕ್ಕೆ ಚಿಕಿತ್ಸೆ ಕೈತಪ್ಪಿದರೆ ಹೊಟ್ಟೆ ಉರಿಯಬೇಕು.

ಚರಿತ್ರೆಯಲ್ಲಿ ಒಂದು ತಮಾಷೆಯಿದೆ. ಗಂಟಲಿಗೆ ಕೈಹಾಕದೆ ಉಸಿರಾಡಿಸಿದ ಮೊದಲ ಹೆಸರಾಂತ ಯಂತ್ರ ಕಬ್ಬಿಣದ ಶ್ವಾಸಕೋಶ. ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ ರೂಪಿಸಿದ ಆ ಪೆಟ್ಟಿಗೆಯೊಳಗೆ 1928ರಲ್ಲಿ ಬಾಸ್ಟನ್ನಿನಲ್ಲಿ ಪೋಲಿಯೊ ತಗುಲಿದ ಎಂಟು ವರ್ಷದ ಹುಡುಗಿಯನ್ನು ಮಲಗಿಸಿದರು. ಅದರಲ್ಲಿ ಮೈಯೆಲ್ಲ ಪೆಟ್ಟಿಗೆಯೊಳಗೆ, ಮುಖ ಮಾತ್ರ ಹೊರಗೆ. ಈಗಿನದರಲ್ಲಿ ಮೈಯೆಲ್ಲ ಬಿಡುಗಡೆ, ಮುಖಕ್ಕೆ ಸೆರೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ ಪೆಟ್ಟಿಗೆಗಳು ಸಾಲದೆ ಹೋದಾಗ ಬ್ಯೋರ್ನ್ ಇಬ್ಸೆನ್ ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕಿಸಿದರು. ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ರೋಗಿಗಳ ತಲೆದೆಸೆಯಲ್ಲಿ ಕೂತು ಕೈಯಿಂದ ಚೀಲ ಒತ್ತಿ ಉಸಿರು ಕೊಟ್ಟರು. ಐಸಿಯು ಎಂಬ ಕಲ್ಪನೆ ಹುಟ್ಟಿದ್ದು ಅಲ್ಲಿಂದ ಎನ್ನುತ್ತಾರೆ. ಹಾಗಾದರೆ ಐಸಿಯುವಿನ ಮೊದಲ ಸಲಕರಣೆ ಪಕ್ಕದಲ್ಲಿ ಕೂತ ಮನುಷ್ಯನೇ ತಾನೆ? ಮುಂದೆ 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮೂಗಿನ ಮಾಸ್ಕಿನಿಂದ ಗಾಳಿ ಕೊಟ್ಟರು. ಮಾಸ್ಕಿನ ದಾರಿ ಮತ್ತೆ ತೆರೆದುಕೊಂಡಿತು.

ಈಗ ಮಾಸ್ಕಿನೊಳಗಿನವರ ಕಡೆಯಿಂದ ನೋಡೋಣ.

ಅವರು ಆಸ್ಪತ್ರೆಗೆ ಬರುವ ಹೊತ್ತಿಗೆ ನಿಮಿಷಕ್ಕೆ ಮೂವತ್ತು ಮೂವತ್ತೈದು ಸಲ ಉಸಿರಾಡುತ್ತಿರುತ್ತಾರೆ. ಒಂದು ವಾಕ್ಯ ಒಂದೇ ಉಸಿರಿನಲ್ಲಿ ಮುಗಿಯುವುದಿಲ್ಲ. ಮಲಗಲಾರರು, ಮುಂದಕ್ಕೆ ಬಾಗಿ ಎರಡೂ ಕೈ ಮಂಡಿಯ ಮೇಲೆ ಊರಿ ಕೂತಿರುತ್ತಾರೆ. "ಕಿಟಕಿ ತೆಗೀರಿ, ಸುತ್ತ ನಿಂತ್ಕೋಬೇಡಿ, ಗಾಳಿ ಬರ್ಲಿ" ಎನ್ನುವುದು ಅವರ ಮೊದಲ ಮಾತು. ಅಂಥ ಹೊತ್ತಿನಲ್ಲಿ ಅಪರಿಚಿತರೊಬ್ಬರು ಬಂದು ಪ್ಲಾಸ್ಟಿಕ್ಕಿನ ಬಟ್ಟಲೊಂದನ್ನು ಮುಖಕ್ಕೆ ಒತ್ತಿ ಹಿಂದಿನಿಂದ ಬಿಗಿಯುತ್ತಾರೆ. ಮೂಗು ಬಾಯಿ ಮುಚ್ಚಿದವರನ್ನು ತಳ್ಳು ಎಂದು ಮೆದುಳು ಕೋಟಿ ವರ್ಷಗಳಿಂದ ಕಲಿತಿದೆ. ಅದು ತಳ್ಳುತ್ತದೆ. ಅದರ ಮೇಲೆ ಗಾಳಿಯ ರಭಸ. ಘಟ್ಟ ಇಳಿಯುವ ಕೆಂಪು ಬಸ್ಸಿನ ಕಿಟಕಿಯಾಚೆ ಮುಖ ಹಾಕಿ ಬಾಯಿ ತೆರೆದರೆ ಉಸಿರು ಒಳಗೆ ನುಗ್ಗುತ್ತದೆ, ಬಿಡಲು ಮಾತ್ರ ಆಗುವುದಿಲ್ಲವಲ್ಲ, ಹೆಚ್ಚುಕಡಿಮೆ ಹಾಗೆ.

ಒಳಗೆ ನಡೆಯುತ್ತಿರುವುದೇನು? ಆರೋಗ್ಯವಾಗಿರುವಾಗ ಉಸಿರಾಟದ ಸ್ನಾಯುಗಳು ದೇಹ ಬಳಸುವ ಆಮ್ಲಜನಕದಲ್ಲಿ ಶೇ 5ಕ್ಕಿಂತ ಕಡಿಮೆ ಪಾಲು ತಿನ್ನುತ್ತವೆ. ಏದುಸಿರಿನಲ್ಲಿ ಅದು ಹಲವು ಪಟ್ಟು ಏರುತ್ತದೆ. ಸಿಒಪಿಡಿಯವರಿಗೆ ಇನ್ನೊಂದು ಸಂಕಟವಿದೆ. ಎಳೆದ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಮುಂದಿನ ಉಸಿರು ಶುರುವಾಗುತ್ತದೆ. ಹೀಗೆ ಉಳಿದ ಗಾಳಿ ಎದೆಗೂಡನ್ನು ಉಬ್ಬಿಸಿಟ್ಟುಬಿಡುತ್ತದೆ, ವಪೆ ಚಪ್ಪಟೆಯಾಗುತ್ತದೆ, ಅದರ ಎಳೆತಕ್ಕೆ ಬಲ ಸಿಗುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಆಮ್ಲೀಯತೆ ಹೆಚ್ಚುತ್ತದೆ, ಪಿಎಚ್ 7.35ಕ್ಕಿಂತ ಕೆಳಗಿಳಿಯುತ್ತದೆ. ಯಂತ್ರ ನೆರವಾಗುವುದು ಇಲ್ಲೇ. ಉಸಿರು ಬಿಡುವಾಗಿನ ಅದರ ಸಣ್ಣ ಒತ್ತಡ ಶ್ವಾಸನಾಳಗಳನ್ನು ತೆರೆದಿಡುತ್ತದೆ, ಸಿಕ್ಕಿಬಿದ್ದ ಗಾಳಿಯ ವಿರುದ್ಧ ಸ್ನಾಯುಗಳು ಪಡುವ ಪಾಡನ್ನು ತಗ್ಗಿಸುತ್ತದೆ. ಎಳೆಯುವಾಗಿನ ದೊಡ್ಡ ಒತ್ತಡ ಅವುಗಳ ಕೆಲಸವನ್ನು ಹಂಚಿಕೊಳ್ಳುತ್ತದೆ. ಎಲ್ಲ ಸರಿ, ಆದರೆ ಹಿಂಸೆ ಮೊದಲ ಉಸಿರಿಗೇ ಶುರು, ಹಾಯೆನಿಸುವುದು ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ. ನಡುವಿನ ಆ ಹೊತ್ತನ್ನು ದಾಟಿಸುವುದೇ ಕಷ್ಟದ ಕೆಲಸ.

ಹೆಚ್ಚಿನ ಮಾಸ್ಕುಗಳು ಸೋಲುವುದು ಸಣ್ಣ ಸಂಗತಿಗಳಲ್ಲಿ. ಅಳತೆಯನ್ನೇ ತೆಗೆದುಕೊಳ್ಳಿ. ಕಂಪನಿಗಳು ಮಾಸ್ಕಿನ ಜೊತೆ ಅಳತೆಪಟ್ಟಿ ಕೊಡುತ್ತವೆ. ಮೂಗಿನ ಮೇಲ್ಭಾಗದಿಂದ ಕೆಳತುಟಿಯ ಕೆಳಗಿನವರೆಗೆ ಇಟ್ಟು ನೋಡಿದರೆ ಸಾಕು. ಉಗ್ರಾಣದಲ್ಲಿ ಒಂದೇ ಅಳತೆ ಇದ್ದರೆ ಅಳತೆಪಟ್ಟಿ ಯಾತಕ್ಕೆ? ದೊಡ್ಡ ಮಾಸ್ಕನ್ನು ಸಣ್ಣ ಮುಖಕ್ಕೆ ಹಾಕಿದಾಗ ಗಾಳಿ ಸೋರಿ ಕಣ್ಣಿಗೆ ರಾಚುತ್ತದೆ, ಕಣ್ಣು ಕೆಂಪಾಗುತ್ತದೆ. ಸೋರಿಕೆ ನಿಲ್ಲಿಸಲು ಪಟ್ಟಿ ಎಳೆದು ಬಿಗಿಯುತ್ತಾರೆ. ಮೂಗಿನ ಮೇಲ್ಭಾಗದಲ್ಲಿ ಚರ್ಮದಡಿ ಮೂಳೆ ಬಿಟ್ಟರೆ ಬೇರೇನಿಲ್ಲ, ಕೆಲವೇ ಗಂಟೆಗಳಲ್ಲಿ ಅಲ್ಲಿ ಕೆಂಪಾಗಿ, ಆಮೇಲೆ ಹುಣ್ಣಾಗುತ್ತದೆ. ಪಟ್ಟಿಯಡಿ ಒಂದೆರಡು ಬೆರಳು ತೂರುವಷ್ಟು ಸಡಿಲವಿರಬೇಕೆಂಬುದು ನಿಯಮ, ಸ್ವಲ್ಪ ಸೋರಿದರೂ ಪರವಾಗಿಲ್ಲ, ಒಳ್ಳೆಯ ಯಂತ್ರಗಳು ಅದನ್ನು ಲೆಕ್ಕ ಹಾಕಿ ಸರಿದೂಗಿಸುತ್ತವೆ. ಮೂಗಿನ ಮೇಲೆ ಮೊದಲೇ ಮೆತ್ತನೆಯ ಡ್ರೆಸಿಂಗ್ ಅಂಟಿಸಿದರೆ ಹುಣ್ಣು ತಪ್ಪುತ್ತದೆ. ಹುಣ್ಣಾದ ಮೇಲೆ ಅಂಟಿಸುವುದು ನಮ್ಮ ರೂಢಿ.

ನಮ್ಮ ಮುಖಗಳ ವಿಶೇಷಗಳೂ ಇವೆ. ದಪ್ಪ ಮೀಸೆ, ಗಡ್ಡ ಇದ್ದರೆ ಮಾಸ್ಕ್ ಕೂರುವುದಿಲ್ಲ. ಅಜ್ಜಿಯ ಮೂಗುಬೊಟ್ಟು ಮಾಸ್ಕಿನಡಿ ಸಿಕ್ಕಿ ಚುಚ್ಚುತ್ತದೆ. ತುರುಬಿನ ಮೇಲೆ ಹಾಯ್ದ ಪಟ್ಟಿ ಜಾರುತ್ತಲೇ ಇರುತ್ತದೆ, ಜಡೆಯನ್ನು ಪಕ್ಕಕ್ಕೆ ಹೆಣೆದರೆ ನಿಲ್ಲುತ್ತದೆ. ಹಲ್ಲಿನ ಸೆಟ್ಟನ್ನು ತೆಗೆದು ಡಬ್ಬಿಯಲ್ಲಿಟ್ಟರೆ ಕೆನ್ನೆ ಒಳಗೆ ಕುಸಿದು ಬಾಯಿಯ ಎರಡೂ ಪಕ್ಕ ಗಾಳಿ ಸೋರುತ್ತದೆ. ರೋಗಿ ಪೂರ್ತಿ ಎಚ್ಚರವಿದ್ದು ಸೆಟ್ಟು ಬಿಗಿಯಾಗಿದ್ದರೆ ಬಾಯಲ್ಲೇ ಬಿಡುವುದು ಮೇಲು. ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬ್ ಇದ್ದರೆ ಅದು ಹಾಯುವ ಕಡೆಯೂ ಸೋರಿಕೆಯೇ. ಇವನ್ನೆಲ್ಲ ಯಾವ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಅನುಭವಸ್ಥ ಸಿಸ್ಟರುಗಳು ಬಲ್ಲರು, ಅವರನ್ನು ಕೇಳುವವರು ಕಡಿಮೆ.

ಒಣಗುವ ಬಾಯಿ ಇನ್ನೊಂದು ಪೀಡೆ. ನಿಮಿಷಕ್ಕೆ ಹತ್ತಾರು ಲೀಟರ್ ಒಣ ಗಾಳಿ ಹಾಯುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಕಫ ಗಟ್ಟಿಯಾಗುತ್ತದೆ, ಉಗುಳಲಾರದೆ ರೋಗಿ ಮಾಸ್ಕ್ ತೆಗೆಯುತ್ತಾರೆ. ಗಾಳಿಯನ್ನು ಬೆಚ್ಚಗೆ ಮಾಡಿ ತೇವ ಬೆರೆಸುವ ಹ್ಯುಮಿಡಿಫೈಯರ್ ಇದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯಿತು. ಇನ್ನು ಒತ್ತಡ 20 ಸೆಂಟಿಮೀಟರ್ ನೀರಿನ ಮಟ್ಟ ದಾಟಿದರೆ ಗಾಳಿ ಅನ್ನನಾಳಕ್ಕೂ ನುಗ್ಗುತ್ತದೆ. ಹೊಟ್ಟೆ ಉಬ್ಬರಿಸುತ್ತದೆ, ವಾಕರಿಕೆ ಬರುತ್ತದೆ.

ಕಣ್ಣಿಗೆ ಕಾಣದ ಕಾರಣವೊಂದಿದೆ, ಅದನ್ನು ಬಿಡಿಸಿ ಹೇಳಬೇಕು. ಯಂತ್ರ ಮತ್ತು ರೋಗಿ ಇಬ್ಬರೂ ಒಂದೇ ತಾಳಕ್ಕೆ ಉಸಿರಾಡಬೇಕು. ರೋಗಿ ಎಳೆಯಲು ಶುರು ಮಾಡಿದ್ದನ್ನು ಯಂತ್ರ ಗುರುತಿಸಬೇಕು, ಸಾಕೆಂದು ನಿಲ್ಲಿಸಿದ್ದನ್ನೂ ಗುರುತಿಸಬೇಕು. ನಿಲ್ಲಿಸಿದ್ದನ್ನು ಯಂತ್ರ ತಿಳಿಯುವುದು ಗಾಳಿಯ ಹರಿವು ಇಳಿಯುವುದರಿಂದ. ಸಾಮಾನ್ಯವಾಗಿ ಹರಿವು ಅದರ ಶಿಖರದ ಕಾಲುಭಾಗಕ್ಕೆ ಇಳಿದಾಗ ‘ಇವರ ಉಸಿರು ತುಂಬಿತು’ ಎಂದು ನೂಕುವುದನ್ನು ನಿಲ್ಲಿಸುತ್ತದೆ. ಮಾಸ್ಕ್ ಸೋರುತ್ತಿದ್ದರೆ ಹರಿವು ಕಾಲುಭಾಗಕ್ಕೆ ಇಳಿಯುವುದೇ ಇಲ್ಲ. ರೋಗಿಯ ಎದೆ ತುಂಬಿದೆ, ಉಸಿರು ಬಿಡಲು ಹೊರಟಿದ್ದಾರೆ, ಯಂತ್ರ ಇನ್ನೂ ಒಳಗೆ ನೂಕುತ್ತಲೇ ಇದೆ. ಇತ್ತ ರೋಗಿ ಹೊಟ್ಟೆ ಬಿಗಿಹಿಡಿದು ಹೊರಗೆ ನೂಕುತ್ತಾರೆ. ಹತ್ತು ಉಸಿರು ಹೀಗೆ ಹೋರಾಡಿದವರು ಹನ್ನೊಂದನೆಯದಕ್ಕೆ ಮಾಸ್ಕಿಗೆ ಕೈಹಾಕದೆ ಇನ್ನೇನು ಮಾಡಿಯಾರು? 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯುರೋಪಿನ ಕೆಲವು ಐಸಿಯುಗಳ 60 ಮಂದಿಯನ್ನು ಗಮನಿಸಿದಾಗ ಶೇ 43 ಮಂದಿಯಲ್ಲಿ ಈ ತಾಳಭಂಗ ತೀವ್ರವಾಗಿತ್ತು. ಪರಿಹಾರ ಯಂತ್ರದ ಪರದೆಯ ಮೇಲೇ ಇದೆ: ನೂಕುವ ಅವಧಿಗೆ ಮಿತಿ ಹಾಕುವುದು, ಎಷ್ಟಕ್ಕೆ ನಿಲ್ಲಿಸಬೇಕೆಂಬ ಮಟ್ಟವನ್ನು ಏರಿಸುವುದು, ಮೊದಲು ಸೋರಿಕೆ ತಗ್ಗಿಸುವುದು. ಆದರೆ ಪರದೆಯ ಅಲೆಗಳನ್ನು ಓದಬಲ್ಲವರು ಎದುರಿಗೆ ನಿಂತು, ಒಮ್ಮೆ ಅಲೆಯನ್ನೂ ಒಮ್ಮೆ ರೋಗಿಯ ಎದೆಯನ್ನೂ ನೋಡಬೇಕು.

"ಉಸಿರು ಕಟ್ಟುತ್ತೆ" ಎಂಬ ದೂರನ್ನು ಕೆಲವೊಮ್ಮೆ ಅಕ್ಷರಶಃ ನಂಬಬೇಕಾಗುತ್ತದೆ. ಮಾಸ್ಕುಗಳಲ್ಲಿ ಎರಡು ಜಾತಿ. ಬಿಟ್ಟ ಉಸಿರು ಹೊರಹೋಗಲು ಮಾಸ್ಕಿನಲ್ಲೇ ಸಣ್ಣ ರಂಧ್ರಗಳಿರುವುದು ಒಂದು, ರಂಧ್ರಗಳಿಲ್ಲದ್ದು ಇನ್ನೊಂದು. ರಂಧ್ರವಿಲ್ಲದ ಮಾಸ್ಕಿನ ಬಾಗಿದ ಕೊಳವೆ ಸಾಮಾನ್ಯವಾಗಿ ನೀಲಿ ಬಣ್ಣದ್ದು. ಉಸಿರು ಒಳಬರಲು ಒಂದು, ಹೊರಹೋಗಲು ಇನ್ನೊಂದು ಪೈಪಿರುವ ದೊಡ್ಡ ಐಸಿಯು ವೆಂಟಿಲೇಟರಿಗೆ ಅದು ಸರಿ. ಒಂದೇ ಪೈಪಿನ ಸಣ್ಣ ಬೈಪ್ಯಾಪಿಗೆ, ಪೈಪಿನಲ್ಲೂ ರಂಧ್ರವಿಲ್ಲದೆ, ನೀಲಿ ಮಾಸ್ಕ್ ಜೋಡಿಸಿದರೆ ರೋಗಿ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆಯುತ್ತಾರೆ. ಆಗ ಮಾಸ್ಕ್ ಕಿತ್ತೆಸೆಯುವವರು ತಮ್ಮ ಜೀವವನ್ನು ತಾವೇ ಉಳಿಸಿಕೊಳ್ಳುತ್ತಿದ್ದಾರೆ.

ಹೀಗಾಗಿ ಮೊದಲ ಗಂಟೆಗೆ ಒಂದು ಕ್ರಮವಿದೆ, ಬಲ್ಲವರು ಅದನ್ನು ಬಿಡುವುದಿಲ್ಲ. ರೋಗಿಯನ್ನು ಒರಗಿಸಿ ಕೂರಿಸುತ್ತಾರೆ. ಮಾಸ್ಕನ್ನು ತೋರಿಸಿ, ಕೈಗೆ ಕೊಟ್ಟು, ಗಾಳಿ ಹೇಗೆ ಬರುತ್ತದೆಂದು ಅಂಗೈಗೆ ಹಿಡಿದು ತಿಳಿಸುತ್ತಾರೆ. ಪಟ್ಟಿ ಕಟ್ಟದೆ, ಮಾಸ್ಕನ್ನು ಕೈಯಲ್ಲೇ ಮುಖಕ್ಕೆ ಹಿಡಿದು ನಾಲ್ಕು ಉಸಿರು, ತೆಗೆದು ಒಂದು ಮಾತು, ಮತ್ತೆ ನಾಲ್ಕು ಉಸಿರು. ರೋಗಿಯ ಕೈಯನ್ನೇ ಮಾಸ್ಕಿನ ಮೇಲಿಡುವವರೂ ಇದ್ದಾರೆ, ತೆಗೆಯುವ ಅಧಿಕಾರ ತನ್ನದೇ ಎಂದು ತಿಳಿದವರು ತೆಗೆಯಲು ಅವಸರ ಪಡುವುದಿಲ್ಲ. ಒತ್ತಡ ಎಂಟು ಹತ್ತರಿಂದ ಶುರುವಾಗಿ ಮೆಲ್ಲಗೆ ಹದಿನೈದು ಇಪ್ಪತ್ತರತ್ತ ಏರುತ್ತದೆ. ಸಿಸ್ಟರ್ ಪಕ್ಕದಲ್ಲಿ ನಿಂತು ಹೇಳುತ್ತಿರುತ್ತಾರೆ: "ಅಜ್ಜಿ, ಗಾಳಿ ತಾನಾಗೇ ಬರುತ್ತೆ, ನೀವು ಎಳೀಬೇಡಿ. ನಿಧಾನಕ್ಕೆ ಬಿಡಿ. ಇನ್ನು ಹತ್ತು ನಿಮಿಷಕ್ಕೆ ತೆಗ್ದು ನೀರು ಕೊಡ್ತೀನಿ." ಕೊಟ್ಟ ಮಾತಿನಂತೆ ಹತ್ತು ನಿಮಿಷಕ್ಕೆ ತೆಗೆಯುವುದೂ ಚಿಕಿತ್ಸೆಯ ಭಾಗ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೊಂದು ತೊಡಕಿದೆ. ಹಾಸಿಗೆಯ ಮೇಲಿರುವ ಅಜ್ಜಿ ಮಾಗಡಿ ಕಡೆಯವರು, ಸಿಸ್ಟರ್ ಬೇರೆ ರಾಜ್ಯದಿಂದ ಬಂದು ಆರು ತಿಂಗಳಾದವರು, ಡ್ಯೂಟಿ ಡಾಕ್ಟರ್ ಇನ್ನೊಂದು ಕಡೆಯವರು. ಮೂವರೂ ಒಳ್ಳೆಯವರೇ. ಆದರೆ ಮೇಲಿನ ನಾಲ್ಕು ಕನ್ನಡ ವಾಕ್ಯಗಳನ್ನು ಹೇಳುವವರು ಅಲ್ಲಿಲ್ಲ. ಭಾಷೆಯ ಅಭಿಮಾನದ ಮಾತಲ್ಲ ಇದು, ಚಿಕಿತ್ಸೆಯ ಮಾತು. ಈ ನಾಲ್ಕು ವಾಕ್ಯ ಕಲಿಸಲು ಒಂದು ಮಧ್ಯಾಹ್ನ ಸಾಕು, ಆಸ್ಪತ್ರೆಯ ಆಡಳಿತ ಮನಸ್ಸು ಮಾಡಬೇಕಷ್ಟೆ. ಅದು ಆಗದಿದ್ದರೆ ಮಗಳನ್ನು ಮೊದಲ ಅರ್ಧ ಗಂಟೆ ಒಳಗೆ ಕೂರಲು ಬಿಡಿ. ಭೇಟಿಯ ಹೊತ್ತು ಸಂಜೆ ಐದರಿಂದ ಐದೂವರೆ ಎಂಬ ಫಲಕಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಸಂಗೀತ ಕೇಳಿಸಿದರೆ ತಾಳ್ಮೆ ಹೆಚ್ಚೀತೇ ಎಂದು ಫ್ರಾನ್ಸಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಉಸಿರಾಟದ ಕಿರಿಕಿರಿ ಅದರಿಂದ ತಗ್ಗಲಿಲ್ಲ. ಹೆಡ್‌ಫೋನು ಮನುಷ್ಯರ ಜಾಗ ತುಂಬದಿದ್ದರೆ ಅದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ ನನಗೆ.

ಒಬ್ಬ ನರ್ಸಿಗೆ ಮೂರು ನಾಲ್ಕು ರೋಗಿಗಳಿರುವ ಕಡೆ ಮೊದಲ ಗಂಟೆ ಯಾರು ನಿಲ್ಲುತ್ತಾರೆ? ಅಲ್ಲಿಗೆ ಬರುತ್ತದೆ ಬ್ಯಾಂಡೇಜು ಬಟ್ಟೆ. ಕೈಗಳನ್ನು ಮಂಚದ ಕಂಬಿಗೆ ಕಟ್ಟುತ್ತಾರೆ. ನಮ್ಮ ಐಸಿಯುಗಳಲ್ಲಿ ಇದು ಎಷ್ಟು ಮಾಮೂಲೆಂದರೆ ಮನೆಯವರೂ ಪ್ರಶ್ನಿಸುವುದಿಲ್ಲ. ಘನತೆಯ ಪ್ರಶ್ನೆ ಒತ್ತಟ್ಟಿಗಿರಲಿ, ಬರೀ ಸುರಕ್ಷತೆಯ ಲೆಕ್ಕದಲ್ಲೇ ಇದು ಭಯಂಕರ. ಮಾಸ್ಕಿನೊಳಗೆ ವಾಂತಿಯಾದರೆ ಅದನ್ನು ತೆಗೆಯಬೇಕಾದ ಮೊದಲ ಕೈ ರೋಗಿಯದೇ. ಅದನ್ನು ಕಟ್ಟಿಹಾಕಿದರೆ ವಾಂತಿಯನ್ನು ಯಂತ್ರವೇ ಶ್ವಾಸಕೋಶಕ್ಕೆ ನೂಕುತ್ತದೆ. ಎರಡೂ ಕೈ ಕಟ್ಟಿ, ಬಾಯಿ ಮೂಗು ಮುಚ್ಚಿ, ಪಕ್ಕದಲ್ಲಿ ಯಾರೂ ಇಲ್ಲದಂತೆ ಬಿಡುವುದಕ್ಕೆ ನಾನು ಚಿಕಿತ್ಸೆ ಎನ್ನಲಾರೆ.

ಮಂಪರಿನ ಔಷಧಿ ಕಟ್ಟುವುದಕ್ಕಿಂತ ಮೇಲು, ಆದರೆ ಅದರಲ್ಲೂ ನಾಜೂಕಿದೆ. ನಿದ್ದೆ ಮಾತ್ರೆಯ ಜಾತಿಯ ಕೆಲವು ಇಂಜೆಕ್ಷನ್ನುಗಳು ಉಸಿರಾಟವನ್ನೇ ತಗ್ಗಿಸುತ್ತವೆ, ವಯಸ್ಸಾದವರಲ್ಲಿ ಗೊಂದಲ ಹೆಚ್ಚಿಸುತ್ತವೆ. ಡೆಕ್ಸ್‌ಮೆಡಿಟೊಮಿಡಿನ್ ಎಂಬ ಔಷಧಿ ಉಸಿರಿಗೆ ಅಷ್ಟಾಗಿ ಕೈಹಾಕದೆ ಶಾಂತಗೊಳಿಸುತ್ತದೆ, ಕರೆದರೆ ರೋಗಿ ಓಗೊಡುತ್ತಾರೆ, ನಾಡಿ ಮತ್ತು ರಕ್ತದೊತ್ತಡ ಇಳಿಯುವುದನ್ನು ಮಾತ್ರ ಕಾಯಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಟ್ಯೂಬ್ ಹಾಕುವ ಪ್ರಮೇಯವೂ ಗೊಂದಲವೂ ಇದರಿಂದ ತಗ್ಗಿದ್ದು ಕಾಣುತ್ತದೆ. ಆದರೆ ಅಳತೆ ತಪ್ಪಿದ ಮಾಸ್ಕನ್ನು ಬದಲಿಸದೆ ಔಷಧಿ ಕೊಟ್ಟರೆ ಸಿಟ್ಟು ಮಾತ್ರ ಮಲಗುತ್ತದೆ, ಮೂಗಿನ ಹುಣ್ಣು ಎದ್ದೇ ಇರುತ್ತದೆ.

ಮಾಸ್ಕಿಗೆ ಬದಲಿಗಳೂ ಇವೆ. ಕೋವಿಡ್ ಹೊತ್ತಿನಲ್ಲಿ ಇಟಲಿಯ ಐಸಿಯು ಚಿತ್ರಗಳಲ್ಲಿ ತಲೆಯ ಸುತ್ತ ಪಾರದರ್ಶಕ ಹೆಲ್ಮೆಟ್ ತೊಟ್ಟವರನ್ನು ನೋಡಿದ ನೆನಪಿರಬಹುದು. ಮುಖಕ್ಕೆ ಏನೂ ಒತ್ತುವುದಿಲ್ಲ, ಕನ್ನಡಕ ಹಾಕಿಕೊಂಡು ಪೇಪರ್ ಓದಬಹುದು. ಷಿಕಾಗೊದಲ್ಲಿ ನಡೆದು 2016ರಲ್ಲಿ ಪ್ರಕಟವಾದ 83 ರೋಗಿಗಳ ಒಂದು ಅಧ್ಯಯನದಲ್ಲಿ ಮಾಸ್ಕ್ ತೊಟ್ಟವರಲ್ಲಿ ಶೇ 61.5 ಮಂದಿಗೆ ಟ್ಯೂಬ್ ಬೇಕಾಯಿತು, ಹೆಲ್ಮೆಟ್ಟಿನವರಲ್ಲಿ ಶೇ 18.2ಕ್ಕೆ. ಒಂದೇ ಆಸ್ಪತ್ರೆಯ, ನಡುವೆಯೇ ನಿಲ್ಲಿಸಿದ ಅಧ್ಯಯನವಾದ್ದರಿಂದ ಅಂಕಿಗಳನ್ನು ಪೂರ್ತಿ ಮೈಮೇಲೆ ಎಳೆದುಕೊಳ್ಳಬೇಕಿಲ್ಲ. ಹೆಲ್ಮೆಟ್ಟಿನ ಒಳಗಿನ ಗದ್ದಲ 100 ಡೆಸಿಬೆಲ್ ದಾಟುವುದನ್ನು ಅಳೆದಿದ್ದಾರೆ, ಕಿವಿಗೆ ಹತ್ತಿ ಬೇಕೇ ಬೇಕು. ಇನ್ನೊಂದು, ಮೂಗಿನ ಸಣ್ಣ ನಳಿಕೆಗಳಿಂದ ನಿಮಿಷಕ್ಕೆ 60 ಲೀಟರಿನವರೆಗೆ ಬೆಚ್ಚನೆಯ ತೇವದ ಗಾಳಿ ಕೊಡುವ ಹೈ ಫ್ಲೋ. ರೋಗಿಗಳು ಇದನ್ನು ಎಲ್ಲಕ್ಕಿಂತ ಸುಲಭವಾಗಿ ಒಪ್ಪುತ್ತಾರೆ. ನ್ಯುಮೋನಿಯಾದಂಥ, ಆಮ್ಲಜನಕವೇ ಸಾಲದ ಕಾಯಿಲೆಗೆ ಚೆನ್ನಾಗಿ ಒದಗುತ್ತದೆ. ಇಂಗಾಲದ ಡೈಆಕ್ಸೈಡ್ ತೀರಾ ಏರಿದ ಸಿಒಪಿಡಿಯವರಿಗೆ ಮಾತ್ರ ಈಗಲೂ ಬೈಪ್ಯಾಪಿನದೇ ಮೊದಲ ಸ್ಥಾನ.

ತಾಳಿಕೊಳ್ಳುವುದನ್ನೇ ಗುರಿ ಮಾಡಿಕೊಂಡರೆ ಬೇರೊಂದು ಹಳ್ಳಕ್ಕೆ ಬೀಳುತ್ತೇವೆ. ಒಂದು ಗಂಟೆ ಒದ್ದಾಡಿದವರು ಇದ್ದಕ್ಕಿದ್ದಂತೆ ಶಾಂತರಾದರೆಂದುಕೊಳ್ಳಿ. ಸಿಸ್ಟರ್ ಹೊರಗೆ ಬಂದು "ಈಗ ಮಲಗಿದ್ದಾರೆ, ಮಾಸ್ಕ್ ಒಪ್ಪಿಕೊಂಡಿದ್ದಾರೆ" ಎನ್ನುತ್ತಾರೆ. ಅದು ನಿದ್ದೆಯೋ, ಇಂಗಾಲದ ಡೈಆಕ್ಸೈಡ್ ಏರಿದ ಮಂಪರೋ? ಮುಖ ನೋಡಿ ಹೇಳಲಾಗದು. ಒಂದೆರಡು ಗಂಟೆಯೊಳಗೆ ಮಣಿಕಟ್ಟಿನಿಂದ ರಕ್ತ ತೆಗೆದು ಎಬಿಜಿ ಪರೀಕ್ಷೆ ಮಾಡಿ ಪಿಎಚ್ ನೋಡಲೇಬೇಕು. ಉಸಿರಿನ ವೇಗ, ನಾಡಿ, ಪ್ರಜ್ಞೆ, ಆಮ್ಲಜನಕ ಎಲ್ಲವೂ ಒಂದೇ ಕಡೆಗೆ ಸುಧಾರಿಸುತ್ತಿರಬೇಕು. ಸುಧಾರಿಸದಿದ್ದರೆ ಮಾಸ್ಕಿಗೆ ಜೋತುಬೀಳುವುದು ಅಪಾಯ. ವೆಂಟಿಲೇಟರಿನಿಂದ ಬಿಡಿಸಿದ ಮೇಲೆ ಮತ್ತೆ ಉಸಿರು ಸೋತ 221 ಮಂದಿಯ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ನಿಷ್ಠುರವಾಗಿ ತೋರಿಸಿತು. ಮಾಸ್ಕ್ ಹಾಕಿದವರಲ್ಲಿ ಸಾವು ಶೇ 25, ಹಾಕದವರಲ್ಲಿ ಶೇ 14. ಮತ್ತೆ ಟ್ಯೂಬ್ ಹಾಕುವ ಹೊತ್ತು ಎರಡೂವರೆ ಗಂಟೆಯಿಂದ ಹನ್ನೆರಡು ಗಂಟೆಗೆ ಹೋಗಿತ್ತು. ತೀವ್ರ ಶ್ವಾಸಕೋಶ ಹಾನಿಯಲ್ಲಿ ಮಾಸ್ಕ್ ಸೋಲುವುದು ಹೆಚ್ಚು. ಹಲವು ದೇಶಗಳ ಐಸಿಯುಗಳನ್ನು ಒಳಗೊಂಡ ದೊಡ್ಡ ಅಧ್ಯಯನವೊಂದರಲ್ಲಿ ಹಾನಿ ಕಡಿಮೆಯಿದ್ದಾಗ ಶೇ 22, ತೀವ್ರವಿದ್ದಾಗ ಶೇ 47 ಮಂದಿಯಲ್ಲಿ ಮಾಸ್ಕ್ ವಿಫಲವಾಯಿತು. ಅಂಥವರು ಮಾಸ್ಕ್ ಕೀಳುತ್ತಿದ್ದರೆ ಅದನ್ನು ಹಟವೆನ್ನುವ ಮೊದಲು ಸೋಲುತ್ತಿರುವ ಶ್ವಾಸಕೋಶದ ಕೂಗೆಂದು ತಿಳಿಯುವುದು ಒಳ್ಳೆಯದು. ಟ್ಯೂಬ್ ಹಾಕುವುದು ಆಗ ಶಿಕ್ಷೆಯಲ್ಲ, ಹೊತ್ತಿಗೆ ಸರಿಯಾಗಿ ಮಾಡಿದ ಕೆಲಸ. ಮಾಸ್ಕ್ ಹಾಕಿಕೊಳ್ಳದಿದ್ದರೆ ಟ್ಯೂಬ್ ಹಾಕುತ್ತೇವೆಂದು ಬೆದರಿಕೆಯ ದನಿಯಲ್ಲಿ ಹೇಳುವುದನ್ನು ದಯವಿಟ್ಟು ನಿಲ್ಲಿಸಬೇಕು. ಮರುದಿನ ನಿಜವಾಗಿ ಟ್ಯೂಬ್ ಬೇಕಾದಾಗ ಮನೆಯವರು ಅದನ್ನು ದಂಡನೆಯೆಂದೇ ಕಾಣುತ್ತಾರೆ.

ಮನೆಯವರಿಗೆ ಗೊತ್ತಿರುವ ಕೆಲವು ಸಂಗತಿ ಡಾಕ್ಟರಿಗೆ ಗೊತ್ತಿರುವುದಿಲ್ಲ. ಅಪ್ಪನಿಗೆ ಕಿವಿ ಮಂದ, ಮೆಷಿನ್ ಇಲ್ಲದೆ ಏನೂ ಕೇಳಿಸದು. ಅಮ್ಮ ಲಿಫ್ಟ್ ಹತ್ತಲೂ ಹೆದರುವವರು. ಕನ್ನಡಕ ಮನೆಯಲ್ಲೇ ಉಳಿದಿದೆ. ಇವನ್ನು ಮೊದಲೇ ಹೇಳಿ, ತಂದುಕೊಡಿ. ಒಳಗೆ ಹೋದಾಗ ಗದರಬೇಡಿ, ಕೈ ಹಿಡಿದುಕೊಂಡು ಏನು ಕಷ್ಟವಾಗುತ್ತಿದೆ ಎಂದು ಕೇಳಿ: ಮೂಗು ನೋಯುತ್ತಾ, ಬಾಯಿ ಒಣಗುತ್ತಾ, ಗಾಳಿ ಜಾಸ್ತಿಯಾ? ತಲೆಯಾಡಿಸಿದರೂ ಉತ್ತರ ಸಿಗುತ್ತದೆ. ಅದನ್ನು ಸಿಸ್ಟರಿಗೆ ದಾಟಿಸಿ. ನೀವಾಗೇ ಪಟ್ಟಿ ಸಡಿಲಿಸುವುದು, ಕೇಳದೆ ನೀರು ಕುಡಿಸುವುದು ಬೇಡ.

ಎಲ್ಲ ಸರಿಪಡಿಸಿದ ಮೇಲೂ, ಪೂರ್ತಿ ಎಚ್ಚರದಲ್ಲಿ, ವಿಷಯ ತಿಳಿದೇ "ಸಾಕಪ್ಪಾ, ನನಗಿದು ಬೇಡ" ಎನ್ನುವವರಿದ್ದಾರೆ. ಇಪ್ಪತ್ತು ವರ್ಷ ದಮ್ಮಿನಲ್ಲಿ ನರಳಿ, ವರ್ಷಕ್ಕೆ ನಾಲ್ಕು ಸಲ ಐಸಿಯು ಕಂಡವರು. ಅವರ ಬೇಡ ಎಂಬ ಮಾತನ್ನು ಅಸಹಕಾರದ ಪಟ್ಟಿಗೆ ಸೇರಿಸುವ ಹಕ್ಕು ಯಾರಿಗೂ ಇಲ್ಲ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಉಯಿಲು ಬರೆದಿಡುವ ಕ್ರಮವನ್ನು 2023ರಲ್ಲಿ ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿತು. ಗಂಟಲಿಗೆ ಟ್ಯೂಬ್ ಬೇಡ, ಮಾಸ್ಕಿನವರೆಗೆ ಸಾಕು ಎಂದು ತೀರ್ಮಾನಿಸುವವರೂ ಉಂಟು, ಅವರಿಗೆ ಮಾಸ್ಕ್ ಒಗ್ಗಿದಷ್ಟು ಹೊತ್ತು ಮಾತ್ರ ಇರಬೇಕು, ಅಷ್ಟು ಒಪ್ಪಂದ. ಮಾಸ್ಕ್ ತೆಗೆದ ಮೇಲೆ ಏದುಸಿರಿನಲ್ಲಿ ಒದ್ದಾಡಿ ಸಾಯಬೇಕೆಂಬ ಭಯ ಮನೆಯವರದು. ಹಾಗೇನಿಲ್ಲ. ಒರಗಿ ಕೂರಿಸಿ ಮುಖಕ್ಕೆ ಗಾಳಿ ಬೀಸುವುದರಿಂದಲೂ, ಸಣ್ಣ ಪ್ರಮಾಣದ ಮಾರ್ಫಿನ್‌ನಿಂದಲೂ ಏದುಸಿರಿನ ಹಿಂಸೆ ತಗ್ಗುತ್ತದೆ. 2014ರಲ್ಲಿ ಮಾದಕ ವಸ್ತುಗಳ ಕಾನೂನು ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಅದು ಸಿಗುತ್ತದೆಯೇ ಎಂದು, ಮನೆಯಲ್ಲಿ ದಮ್ಮಿನವರಿದ್ದರೆ, ಐಸಿಯು ಬಾಗಿಲಿಗೆ ಹೋಗುವ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ.